ಪ್ರೇಮಗೀತೆಯೂ ಮಾರಾಟದ ಪಟ್ಟಿಯೂ

ಹಿರಿಯರ ಕಾಲದ ಪ್ರೇಮಗೀತೆಯನ್ನು ಕಾವ್ಯವೆಂದು ಗೌರವಿಸುವುದು, ಕಿರಿಯರ ಕಾಲದ ಪ್ರೇಮಗೀತೆಯನ್ನು ಹುಚ್ಚಾಟವೆಂದು ತಳ್ಳಿಬಿಡುವುದು, ಇದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿರುವ ರೂಢಿ. ೧೯೮೦ರಿಂದ ಹತ್ತು ವರ್ಷಗಳ ಕಾಲ ಇಂಗ್ಲೆಂಡಿನಲ್ಲಿಯೂ ಅಮೆರಿಕಾದಲ್ಲಿಯೂ ಲಕ್ಷಗಟ್ಟಲೆ ಮಾರಾಟವಾದ ಪಾಪ್ ಪ್ರೇಮಗೀತೆಗಳಿಗೆ ಈ ತಿರಸ್ಕಾರವು ಇಮ್ಮಡಿಯಾಗಿಯೇ ಸಂದಿತು. ಅವು ಯಂತ್ರದ ತಾಳಕ್ಕೆ ಕುಣಿಯುವ ಹಾಡುಗಳು; ಕಂಪೆನಿಗಳ ಲಾಭಕ್ಕಾಗಿ ಹೊಸೆದ ಹಾಡುಗಳು; ಹರೆಯದವರ ಜೇಬಿನ ಪುಡಿಗಾಸನ್ನು ಸೆಳೆಯುವುದಕ್ಕಾಗಿ ಕಣ್ಣೀರಿನ ಬಣ್ಣ ಹಚ್ಚಿದ ಸರಕು, ಹೀಗೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ವಾದಿಸಹೊರಟಿಲ್ಲ. ಆದರೆ ಸರಕನ್ನು ಮಾರಿದವರ ಉದ್ದೇಶವನ್ನು ಮಾತ್ರ ವಿಚಾರಿಸಿ, ಕೊಂಡವರು ಅದನ್ನು ಮನೆಗೆ ಒಯ್ದು ಏನು ಮಾಡಿದರೆಂಬುದನ್ನು ವಿಚಾರಿಸದೆ ತೀರ್ಪು ಕೊಡುವುದು ನ್ಯಾಯವಾಗಲಾರದು. ಆ ಎರಡನೆಯ ವಿಚಾರಣೆಗೆ ವಾಚಕರನ್ನು ಕರೆಯುವುದೇ ಈ ಲೇಖನದ ಉದ್ದೇಶ.

ಮೊದಲು ಪಟ್ಟಿಯ ಸಂಗತಿಯನ್ನು ಅರಿತುಕೊಳ್ಳಬೇಕು. ಆ ದೇಶಗಳಲ್ಲಿ ವಾರವಾರವೂ ಯಾವ ಹಾಡು ಹೆಚ್ಚು ಮಾರಾಟವಾಯಿತೆಂದು ಲೆಕ್ಕ ಹಾಕಿ, ಒಂದನೆಯದು, ಎರಡನೆಯದು ಎಂದು ಕ್ರಮವಿಟ್ಟು ಪ್ರಕಟಿಸುವ ಪದ್ಧತಿಯುಂಟು. ಬ್ರಿಟನ್ನಿನಲ್ಲಿ ಇದರ ಆರಂಭವು ೧೯೫೨ರ ನವೆಂಬರ್ ೧೪ರಂದು ಆಯಿತು. 'ನ್ಯೂ ಮ್ಯೂಜಿಕಲ್ ಎಕ್ಸ್‌ಪ್ರೆಸ್' ಎಂಬ ವಾರಪತ್ರಿಕೆಗಾಗಿ ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ಟೆಲಿಫೋನು ಮಾಡಿ, ಅವರು ಹೇಳಿದುದನ್ನು ಕೂಡಿಸಿ ಪಟ್ಟಿಯನ್ನು ತಯಾರಿಸಿದರು. ಅಷ್ಟೇ ಅದರ ಶಾಸ್ತ್ರ. ಅಮೆರಿಕಾದಲ್ಲಿ 'ಬಿಲ್‌ಬೋರ್ಡ್' ಪತ್ರಿಕೆಯು ೧೯೫೮ರ ಆಗಸ್ಟ್ ೪ರಿಂದ ನೂರು ಹಾಡುಗಳ ಪಟ್ಟಿಯನ್ನು ಹೊರಡಿಸತೊಡಗಿತು. ಅಲ್ಲಿ ಅಂಗಡಿಯ ಮಾರಾಟದೊಡನೆ ರೇಡಿಯೋ ಕೇಂದ್ರಗಳು ಯಾವ ಹಾಡನ್ನು ಎಷ್ಟು ಸಲ ಬಿತ್ತರಿಸಿದುವೆಂಬ ಲೆಕ್ಕವೂ ಸೇರುತ್ತಿತ್ತು.

ಎಂಬತ್ತರ ದಶಕವು ಬರುವ ಹೊತ್ತಿಗೆ ಈ ಪಟ್ಟಿಯು ಒಂದು ಸಾಮಾಜಿಕ ವಿಧಿಯೇ ಆಗಿಬಿಟ್ಟಿತ್ತು. ಬ್ರಿಟನ್ನಿನಲ್ಲಿ ೧೯೮೨ರ ಕೊನೆಯವರೆಗೆ ಆಯ್ದ ಅಂಗಡಿಯವರು ಮಾರಿದ ರೆಕಾರ್ಡುಗಳ ಲೆಕ್ಕವನ್ನು ದಿನಚರಿಯ ಪುಸ್ತಕದಲ್ಲಿ ಕೈಯಿಂದ ಬರೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. ೧೯೮೩ರ ಜನವರಿಯಿಂದ ಗ್ಯಾಲಪ್ ಸಂಸ್ಥೆಯು ಆ ಕಾರ್ಯವನ್ನು ವಹಿಸಿಕೊಂಡು ಅಂಗಡಿಗಳಲ್ಲಿ ಎಣಿಕೆಯ ಯಂತ್ರಗಳನ್ನು ಇಡತೊಡಗಿತು. ಭಾನುವಾರ ಸಂಜೆ ಬಿ.ಬಿ.ಸಿ.ಯ ಮೊದಲನೆಯ ರೇಡಿಯೋ ಕೇಂದ್ರದಿಂದ ಪಟ್ಟಿಯ ಹಾಡುಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬರುತ್ತಿದ್ದುವು. ರೆಕಾರ್ಡು ಕೊಳ್ಳಲು ಹಣವಿಲ್ಲದ ಹುಡುಗ ಹುಡುಗಿಯರು ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದಿದ್ದು, ತಮ್ಮ ಮೆಚ್ಚಿನ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಹೀಗೆ ಇಳಿಸಿಕೊಳ್ಳುವುದರಿಂದ ಸಂಗೀತವೇ ಸಾಯುತ್ತದೆಂದು ಬ್ರಿಟನ್ನಿನ ರೆಕಾರ್ಡು ಉದ್ಯಮದವರ ಸಂಘವು ೧೯೮೧ರಲ್ಲಿ ಒಂದು ಪ್ರಚಾರವನ್ನೇ ಹೂಡಿತು. ಸಂಗೀತವು ಸಾಯಲಿಲ್ಲ. ಆ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಪ್ರೇಮಪತ್ರಗಳ ಕೆಲಸವನ್ನು ಮಾಡಿದುವು. ಅದೇ ೧೯೮೧ರ ಆಗಸ್ಟ್ ೧ರಂದು ಅಮೆರಿಕಾದಲ್ಲಿ ಎಂ.ಟಿ.ವಿ. ಎಂಬ ದೂರದರ್ಶನ ವಾಹಿನಿಯು ಆರಂಭವಾಗಿ, ಹಾಡು ಕೇಳುವ ವಸ್ತುವಾಗಿದ್ದುದು ನೋಡುವ ವಸ್ತುವೂ ಆಯಿತು.

ಪಟ್ಟಿಯು ಸತ್ಯದ ತಕ್ಕಡಿಯಾಗಿತ್ತೆಂದು ಮಾತ್ರ ಯಾರೂ ಭ್ರಮಿಸಬಾರದು. ಯಾವ ಅಂಗಡಿಗಳ ಲೆಕ್ಕವು ಪಟ್ಟಿಗೆ ಸೇರುತ್ತದೆಂಬುದನ್ನು ತಿಳಿದುಕೊಂಡು ಅಲ್ಲಿಗೇ ಜನರನ್ನು ಕಳುಹಿಸಿ ತಮ್ಮ ರೆಕಾರ್ಡನ್ನು ತಾವೇ ಕೊಳ್ಳಿಸುವ ಕುಟಿಲತೆಯು ಬ್ರಿಟನ್ನಿನಲ್ಲಿತ್ತು. ೧೯೮೦ರಲ್ಲಿ 'ವರ್ಲ್ಡ್ ಇನ್ ಆಕ್ಷನ್' ಎಂಬ ದೂರದರ್ಶನ ಕಾರ್ಯಕ್ರಮವು ಅದನ್ನು ಬಯಲಿಗೆಳೆಯಿತು. ಹಾಡನ್ನು ರೇಡಿಯೋದಲ್ಲಿ ಹಾಕಿಸುವುದಕ್ಕಾಗಿ ದಲ್ಲಾಳಿಗಳನ್ನು ಇಟ್ಟುಕೊಳ್ಳುವ ಅಭ್ಯಾಸವು ಅಮೆರಿಕಾದಲ್ಲಿ ಬೆಳೆದಿತ್ತು. ೧೯೮೬ರ ಫೆಬ್ರವರಿಯಲ್ಲಿ ಎನ್.ಬಿ.ಸಿ.ಯ ವಾರ್ತೆಯು ಆ ವ್ಯವಹಾರವನ್ನು ಬೆಳಕಿಗೆ ತಂದ ಮೇಲೆ ದೊಡ್ಡ ಕಂಪೆನಿಗಳು ಆ ದಲ್ಲಾಳಿಗಳನ್ನು ಕೈಬಿಡಬೇಕಾಯಿತು. ೧೯೯೧ರಲ್ಲಿ ಅಂಗಡಿಯ ಮಾರಾಟವನ್ನು ಯಂತ್ರದಿಂದಲೇ ಎಣಿಸುವ ಕ್ರಮವು ಅಮೆರಿಕಾಕ್ಕೆ ಬಂದಾಗ, ಗ್ರಾಮಾಂತರದ 'ಕಂಟ್ರಿ' ಹಾಡುಗಳಿಗೂ ಕರಿಯ ಜನರ 'ರ‍್ಯಾಪ್' ಹಾಡುಗಳಿಗೂ ಅದುವರೆಗೆ ಸಲ್ಲಬೇಕಾದ ಸ್ಥಾನವು ಸಂದಿರಲಿಲ್ಲವೆಂಬುದು ಸ್ಪಷ್ಟವಾಯಿತು. ಆದುದರಿಂದ ಪಟ್ಟಿಯು ಜನಹೃದಯದ ಕನ್ನಡಿಯೆಂಬ ಮಾತನ್ನು ಅರ್ಧಕ್ಕೆ ಅರ್ಧ ಕಡಿತಮಾಡಿಯೇ ನಂಬಬೇಕು.

ಇನ್ನು ಹಾಡುಗಳ ವಿಚಾರ. ಈ ಪ್ರೇಮಗೀತೆಗಳೆಲ್ಲವೂ ಸಕ್ಕರೆಯ ಪಾಕದಲ್ಲಿ ಅದ್ದಿದ ಸುಖದ ಹಾಡುಗಳೆಂದು ಕೇಳದವರು ಭಾವಿಸುತ್ತಾರೆ. ಕೇಳಿದವರಿಗೆ ಬೇರೆಯೇ ಸಂಗತಿಯು ಗೋಚರವಾಗುತ್ತದೆ. ಪಟ್ಟಿಯ ತುದಿಗೇರಿದ ಹಾಡುಗಳಲ್ಲಿ ಒಂದು ದೊಡ್ಡ ಪಾಲು ಅಗಲಿಕೆಯ, ಅಸೂಯೆಯ, ಪಶ್ಚಾತ್ತಾಪದ, ಸೋಲಿನ ಹಾಡುಗಳು.

'ಪೊಲೀಸ್' ಎಂಬ ವಾದ್ಯವೃಂದದ 'ಎವ್ರಿ ಬ್ರೆತ್ ಯು ಟೇಕ್' ಎಂಬ ಹಾಡನ್ನೇ ತೆಗೆದುಕೊಳ್ಳೋಣ. ೧೯೮೩ರಲ್ಲಿ ಇದು ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕು ವಾರ, ಅಮೆರಿಕಾದ ಪಟ್ಟಿಯಲ್ಲಿ ಎಂಟು ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು. ಸ್ಟಿಂಗ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಅದರ ಕರ್ತೃವು ತಮ್ಮ ಮೊದಲನೆಯ ದಾಂಪತ್ಯವು ಮುರಿಯುತ್ತಿದ್ದ ೧೯೮೨ರಲ್ಲಿ, ಜಮೈಕಾ ದ್ವೀಪದಲ್ಲಿ ಕಾದಂಬರಿಕಾರ ಇಯಾನ್ ಫ್ಲೆಮಿಂಗ್ ಹಿಂದೆ ವಾಸಿಸುತ್ತಿದ್ದ ಮನೆಯಲ್ಲಿ ಕುಳಿತು ಅದನ್ನು ಬರೆದರು. ಬಿಟ್ಟುಹೋದವಳ ಒಂದೊಂದು ಚಲನವಲನದ ಮೇಲೂ ಕಣ್ಣಿಟ್ಟಿರುವ ಗಂಡಸಿನ ಮಾತು ಅದು. ಪ್ರೇಮಕ್ಕಿಂತ ಕಾವಲೇ ಅದರಲ್ಲಿ ಹೆಚ್ಚು. ಇದು ಕೇಡಿನ ನೆರಳುಳ್ಳ ಹಾಡೆಂದು ಸ್ಟಿಂಗ್ ಅವರೇ ಅನೇಕ ಸಲ ಹೇಳಿದ್ದಾರೆ. ಆದರೂ ಆ ದೇಶಗಳ ವಧೂವರರು ಅದನ್ನು ತಮ್ಮ ಮದುವೆಯ ಔತಣಗಳಲ್ಲಿ ಹಾಕಿಸಿಕೊಂಡು ಕುಣಿದರು. ಕವಿಯು ಕಾವಲುಗಾರನನ್ನು ಕಂಡಲ್ಲಿ ಜನರು ಕೈಬಿಡದ ಸಂಗಾತಿಯನ್ನು ಕಂಡರು. ಜನರು ಕಿವಿಗೆಟ್ಟವರೆಂದು ನಗುವುದು ಸುಲಭ. ಆದರೆ ಹಾಡು ಕರ್ತೃವಿನ ಕೈಬಿಟ್ಟ ಮೇಲೆ ಅದರ ಅರ್ಥವು ಅವನ ಸ್ವತ್ತಾಗಿ ಉಳಿಯುವುದಿಲ್ಲವೆಂಬ ಹಳೆಯ ಸತ್ಯಕ್ಕೆ ಇದೊಂದು ಹೊಸ ನಿದರ್ಶನವೆಂದು ತಿಳಿಯುವುದು ಮೇಲು.

ಯಂತ್ರದ ತಾಳವೆಂದು ಜರೆಯುವವರಿಗೆ 'ಹ್ಯೂಮನ್ ಲೀಗ್' ತಂಡದ 'ಡೋಂಟ್ ಯು ವಾಂಟ್ ಮಿ' ಎಂಬ ಹಾಡೇ ಉತ್ತರ. ೧೯೮೧ರ ಕ್ರಿಸ್‌ಮಸ್ ಹಬ್ಬದಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಯಲ್ಲಿದ್ದ ಈ ಹಾಡಿನಲ್ಲಿ ಚರ್ಮದ ವಾದ್ಯವಾಗಲಿ ತಂತಿಯ ವಾದ್ಯವಾಗಲಿ ಇಲ್ಲವೆಂದೇ ಹೇಳಬೇಕು. ಎಲ್ಲವೂ ಸಿಂಥೆಸೈಜರ್ ಮತ್ತು ಲಿನ್ ಕಂಪೆನಿಯ ತಾಳಯಂತ್ರದ ಕೆಲಸ. ಮುಖ್ಯ ಗಾಯಕರಾದ ಫಿಲಿಪ್ ಓಕಿಯವರಿಗೆ ಈ ಹಾಡಿನಲ್ಲಿ ನಂಬಿಕೆಯಿರಲಿಲ್ಲ. ಅದನ್ನು ಬಿಡಿಯಾಗಿ ಹೊರತರಬಾರದೆಂದು ಅವರು ವಾದಿಸಿದರು. ಕಂಪೆನಿಯು ಕೇಳಲಿಲ್ಲ. ಹದಿನೈದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಬ್ರಿಟನ್ ಒಂದರಲ್ಲಿಯೇ ಮಾರಿದುವು. ಹಾಡಿನ ವಸ್ತುವೇನು? ತಾನು ಕೈಹಿಡಿದು ಮೇಲಕ್ಕೆ ತಂದ ಹೆಣ್ಣು ತನ್ನನ್ನು ಬಿಟ್ಟುಹೋಗುತ್ತಿದ್ದಾಳೆಂದು ಗಂಡಸು ಗದರಿಸುತ್ತಾನೆ. ಅಷ್ಟಕ್ಕೇ ನಿಂತಿದ್ದರೆ ಇದೊಂದು ಸಾಮಾನ್ಯ ಹಾಡಾಗುತ್ತಿತ್ತು. ಆದರೆ ಎರಡನೆಯ ಚರಣದಲ್ಲಿ ಆ ಹೆಣ್ಣೇ ಬಾಯಿ ತೆರೆದು, ತನ್ನ ಏಳಿಗೆಗೆ ತಾನೇ ಕಾರಣಳೆಂಬ ಅರ್ಥದ ಉತ್ತರವನ್ನು ಶಾಂತವಾಗಿ ಕೊಡುತ್ತಾಳೆ. ಆ ಉತ್ತರವನ್ನು ಹಾಡಿದ ಸೂಸನ್ ಆ್ಯನ್ ಸಲ್ಲಿಯವರನ್ನು ಓಕಿಯವರು ೧೯೮೦ರಲ್ಲಿ ಶೆಫೀಲ್ಡ್ ನಗರದ ಒಂದು ನೃತ್ಯಶಾಲೆಯಲ್ಲಿ ಕಂಡು ತಂಡಕ್ಕೆ ಕರೆದುಕೊಂಡಿದ್ದರು. ಆಗ ಆಕೆ ಇನ್ನೂ ಶಾಲೆಯ ವಿದ್ಯಾರ್ಥಿನಿ. ವಾದ್ಯವು ಯಂತ್ರದ್ದಾದರೂ ಜಗಳವು ಮನುಷ್ಯರದು, ನ್ಯಾಯವೂ ಮನುಷ್ಯರದು.

'ಕೇರ್‌ಲೆಸ್ ವಿಸ್ಪರ್' ಎಂಬ ಹಾಡನ್ನು ಜಾರ್ಜ್ ಮೈಕೆಲ್ ತಮ್ಮ ಗೆಳೆಯ ಆ್ಯಂಡ್ರೂ ರಿಜ್ಲಿಯವರೊಡನೆ ರಚಿಸಿದಾಗ ಅವರ ವಯಸ್ಸು ಹದಿನೇಳು. ಅದರ ರಾಗವು ಅವರಿಗೆ ಹೊಳೆದುದು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ. ಪ್ರೇಮಿಗೆ ವಂಚನೆ ಮಾಡಿದವನ ಪಶ್ಚಾತ್ತಾಪವೇ ಅದರ ಜೀವ. ಮೊದಲು ಅಮೆರಿಕಾದ ಮಸಲ್ ಶೋಲ್ಸ್ ಎಂಬಲ್ಲಿ ಖ್ಯಾತ ನಿರ್ಮಾಪಕ ಜೆರಿ ವೆಕ್ಸ್‌ಲರ್ ಅವರ ಕೈಯಲ್ಲಿ ಧ್ವನಿಮುದ್ರಣವಾದುದನ್ನು ಒಪ್ಪದೆ, ಮೈಕೆಲ್ ತಾವೇ ಮತ್ತೆ ಮುದ್ರಿಸಿದರು. ೧೯೮೪ರಲ್ಲಿ ಬ್ರಿಟನ್ನಿನಲ್ಲಿಯೂ ೧೯೮೫ರಲ್ಲಿ ಅಮೆರಿಕಾದಲ್ಲಿಯೂ ಅದು ಪಟ್ಟಿಯ ತುದಿಗೇರಿತು. ಹರೆಯದಲ್ಲಿ ಹಗುರವಾಗಿ ಬರೆದ ಹಾಡು ಇಷ್ಟು ಜನರ ಪಾಲಿಗೆ ಇಷ್ಟು ಗಾಢವಾದುದು ಹೇಗೆಂದು ಅವರು ಮುಂದೆ ಆಶ್ಚರ್ಯಪಟ್ಟರು. ಬರೆದವನ ಅನುಭವದ ಆಳವೊಂದೇ ಹಾಡಿನ ಆಳವನ್ನು ನಿರ್ಧರಿಸುವುದಿಲ್ಲ. ಕೇಳಿದವರು ತಮ್ಮ ಅನುಭವವನ್ನು ಅದರೊಳಗೆ ಸುರಿಯುತ್ತಾರೆ.

ಇದಕ್ಕೆ ಪ್ರತಿಯಾಗಿ, ಹಾಡುವವರ ಬದುಕೇ ಹಾಡಿಗೆ ತೂಕವನ್ನು ಕೊಟ್ಟ ಸಂದರ್ಭವೂ ಉಂಟು. ಟೀನಾ ಟರ್ನರ್ ಅವರು ತಮ್ಮನ್ನು ವರ್ಷಗಟ್ಟಲೆ ಹೊಡೆದು ಬಡಿದು ಹಿಂಸಿಸಿದ ಗಂಡನಿಂದ ೧೯೭೬ರಲ್ಲಿ ತಪ್ಪಿಸಿಕೊಂಡು ಓಡಿದರು. ಆಗ ತಮ್ಮ ಕೈಯಲ್ಲಿದ್ದುದು ೩೬ ಸೆಂಟು ಮಾತ್ರವೆಂದು ಅವರೇ ಹೇಳಿದ್ದಾರೆ. ೧೯೭೮ರಲ್ಲಿ ವಿವಾಹ ವಿಚ್ಛೇದನವಾದಾಗ ಆಸ್ತಿಪಾಸ್ತಿಯ ಹಕ್ಕನ್ನೆಲ್ಲ ಬಹುಮಟ್ಟಿಗೆ ಬಿಟ್ಟುಕೊಟ್ಟು ತಮ್ಮ ವೇದಿಕೆಯ ಹೆಸರನ್ನು ಉಳಿಸಿಕೊಂಡರು. ಅನಂತರದ ವರ್ಷಗಳಲ್ಲಿ ಸಂಗೀತದ ವ್ಯಾಪಾರಿಗಳು ಅವರನ್ನು ಮುಗಿದುಹೋದವರೆಂದೇ ಎಣಿಸಿದ್ದರು. ಟೆರಿ ಬ್ರಿಟನ್ ಮತ್ತು ಗ್ರಹಾಂ ಲೈಲ್ ಬರೆದ 'ವಾಟ್ಸ್ ಲವ್ ಗಾಟ್ ಟು ಡು ವಿತ್ ಇಟ್' ಎಂಬ ಹಾಡು ಮೊದಲಿಗೆ ಅವರಿಗೇ ಹಿಡಿಸಲಿಲ್ಲ. ಆದರೂ ಹಾಡಿದರು. ೧೯೮೪ರ ಸೆಪ್ಟೆಂಬರಿನಲ್ಲಿ ಅದು ಅಮೆರಿಕಾದ ಪಟ್ಟಿಯಲ್ಲಿ ಮೂರು ವಾರ ಮೊದಲನೆಯದಾಗಿ ನಿಂತಾಗ ಅವರಿಗೆ ನಲವತ್ತನಾಲ್ಕು ವರ್ಷ. ಪ್ರೇಮದ ಹೆಸರಿಗೆ ಹೆದರುವ ಹೆಣ್ಣಿನ ಹಾಡು ಅದು. ಹದಿನೆಂಟರ ಹುಡುಗಿಯೊಬ್ಬಳು ಹಾಡಿದ್ದರೆ ಅದು ಬಿಂಕದ ಮಾತಾಗುತ್ತಿತ್ತು. ಈಕೆಯ ಕಂಠದಲ್ಲಿ ಅದು ಸಾಕ್ಷ್ಯವಾಯಿತು. ೨೦೨೩ರ ಮೇ ೨೪ರಂದು ಅವರು ತೀರಿಕೊಂಡಾಗ ಲೋಕವು ನೆನೆದುದು ಆ ಹಾಡನ್ನೂ ಆ ಓಟವನ್ನೂ ಒಟ್ಟಿಗೆ.

ಪ್ರೇಮಗೀತೆಯನ್ನು ಜನರು ಶೋಕಗೀತೆಯಾಗಿಯೂ ಮಾಡಿಕೊಂಡರು. ಜಾನ್ ಲೆನನ್ ಅವರು ೧೯೮೦ರ ಡಿಸೆಂಬರ್ ೮ರಂದು ನ್ಯೂಯಾರ್ಕಿನಲ್ಲಿ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಐದು ವರ್ಷ ಹಾಡನ್ನು ಬಿಟ್ಟು ಮಗನನ್ನು ಸಾಕುತ್ತಿದ್ದ ಅವರು ಆಗತಾನೇ ದಾಂಪತ್ಯಪ್ರೇಮದ ಹಾಡುಗಳೊಡನೆ ಹಿಂದಿರುಗಿದ್ದರು. ಅವರ ಮರಣಾನಂತರದ ವಾರಗಳಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೆ ಅವರ ಮೂರು ಹಾಡುಗಳು ಒಂದರ ಹಿಂದೆ ಒಂದು ಏರಿದುವು. ಅವುಗಳಲ್ಲಿ ಹೆಂಡತಿಯನ್ನು ಕುರಿತ 'ವುಮನ್' ಎಂಬುದು ೧೯೮೧ರ ಫೆಬ್ರವರಿಯಲ್ಲಿ ಮೊದಲನೆಯದಾಯಿತು. ಗಂಡನು ಹೆಂಡತಿಗೆ ಹೇಳಿದ ಕೃತಜ್ಞತೆಯ ಮಾತನ್ನು ಒಂದು ದೇಶದ ಜನರು ಸತ್ತವನಿಗೆ ಹೇಳುವ ವಿದಾಯವನ್ನಾಗಿ ಕೊಂಡುಕೊಂಡರು. ಅಂಗಡಿಯ ಲೆಕ್ಕದಲ್ಲಿ ಅದು ಮಾರಾಟವೇ ಸರಿ. ಸಾವಿನ ಮನೆಗೆ ಹೂವನ್ನು ಕೊಂಡೊಯ್ಯುವವರೂ ಅಂಗಡಿಯಲ್ಲಿಯೇ ಅದನ್ನು ಕೊಳ್ಳುತ್ತಾರಲ್ಲವೆ?

ಒಬ್ಬನು ಇನ್ನೊಬ್ಬಳಿಗಾಗಿ ಬರೆದ ಹಾಡು ಹೀಗೆ ಅನ್ಯರ ಬಾಳಿಗೆ ಹೊಂದಿಕೊಳ್ಳಲು ಕಾರಣವೇನು? ಒಂದು ಕಾರಣವು ವ್ಯಾಕರಣದಲ್ಲಿಯೇ ಇದೆ. ಇಂಗ್ಲಿಷಿನ ಪ್ರೇಮಗೀತೆಗಳು ಬಹುತೇಕ 'ನಾನು' 'ನೀನು' ಎಂಬ ಎರಡು ಸರ್ವನಾಮಗಳ ಮೇಲೆ ನಿಂತಿವೆ. ನಮ್ಮ ಕನ್ನಡದಲ್ಲಿಯಂತೆಯೇ ಆ ಭಾಷೆಯಲ್ಲಿಯೂ ಈ ಎರಡು ಪದಗಳಿಗೆ ಲಿಂಗಭೇದವಿಲ್ಲ. 'ಅವನು' 'ಅವಳು' ಎಂದೊಡನೆ ಗಂಡು ಹೆಣ್ಣುಗಳು ಬೇರ್ಪಡುತ್ತವೆ. 'ನೀನು' ಎಂಬಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಮದುವೆಯಾದವರು, ವಿಧವೆಯರು, ಕಡಲಾಚೆ ದುಡಿಯಲು ಹೋದವರು, ಪ್ರೀತಿಸಿದವರಿಗೆ ಬಾಯಿಬಿಟ್ಟು ಹೇಳಲಾರದವರು, ಎಲ್ಲರಿಗೂ ಆ ಸ್ಥಳವು ತೆರವಾಗಿತ್ತು. ಪಟ್ಟಿಯು ಎಷ್ಟು ಜನರು ಕೊಂಡರೆಂಬುದನ್ನು ಎಣಿಸಿತೇ ಹೊರತು, ಆ ತೆರವಿನಲ್ಲಿ ಯಾರು ಯಾರು ಬಂದು ನಿಂತರೆಂಬುದನ್ನು ಎಣಿಸಲಿಲ್ಲ. ಎಣಿಸಲು ಸಾಧ್ಯವೂ ಇರಲಿಲ್ಲ.

ಹಾಗೆ ಬಂದು ನಿಂತವರಲ್ಲಿ ತಮ್ಮ ಪ್ರೇಮವನ್ನು ಹೇಳಿಕೊಳ್ಳಲು ಕಾನೂನೂ ಸಮಾಜವೂ ಎಡೆಗೊಡದಿದ್ದ ಒಂದು ವರ್ಗವಿತ್ತು. ಗಂಡಸು ಗಂಡಸನ್ನು ಪ್ರೀತಿಸುವುದು ಇಂಗ್ಲೆಂಡಿನಲ್ಲಿ ೧೯೬೭ರವರೆಗೂ, ಸ್ಕಾಟ್ಲೆಂಡಿನಲ್ಲಿ ೧೯೮೦ರ ಶಾಸನವು ಬರುವವರೆಗೂ ಶಿಕ್ಷಾರ್ಹ ಅಪರಾಧವಾಗಿತ್ತು. ಆಳುವವರಾಗಿದ್ದ ಅದೇ ಬ್ರಿಟಿಷರು ೧೮೬೦ರ ದಂಡಸಂಹಿತೆಯ ಮೂಲಕ ನಮ್ಮ ದೇಶಕ್ಕೂ ಅಂತಹ ವಿಧಿಯನ್ನು ಹೊರಿಸಿ ಹೋದರು. ನಮ್ಮ ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಅದರಿಂದ ಬಿಡಿಸಿದುದು ೨೦೧೮ರ ಸೆಪ್ಟೆಂಬರ್ ೬ರಂದು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದವರಾದ ಜಿಮ್ಮಿ ಸಾಮರ್‌ವಿಲ್ ಎಂಬ ಗಾಯಕರು ತಾವು ಈ ವರ್ಗಕ್ಕೆ ಸೇರಿದವರೆಂಬುದನ್ನು ಎಂದೂ ಮುಚ್ಚಿಡಲಿಲ್ಲ. 'ಕಮ್ಯುನಾರ್ಡ್ಸ್' ಎಂಬ ಹೆಸರಿನಲ್ಲಿ ಅವರೂ ರಿಚರ್ಡ್ ಕೋಲ್ಸ್ ಅವರೂ ಸೇರಿ, ಹತ್ತು ವರ್ಷಕ್ಕೂ ಹಿಂದಿನ 'ಡೋಂಟ್ ಲೀವ್ ಮಿ ದಿಸ್ ವೇ' ಎಂಬ ಅಮೆರಿಕಾದ ಹಾಡನ್ನು ಹೊಸದಾಗಿ ಹಾಡಿದರು. ೧೯೮೬ರಲ್ಲಿ ಅದು ನಾಲ್ಕು ವಾರ ಬ್ರಿಟನ್ನಿನ ಮೊದಲನೆಯ ಹಾಡಾಗಿತ್ತು.

ಕುಣಿಯುವುದಕ್ಕೆ ತಕ್ಕ ಆ ಹಾಡು ಬಂದ ಕಾಲವನ್ನು ಗಮನಿಸಬೇಕು. ಏಡ್ಸ್ ರೋಗದ ಮೊದಲ ವರದಿಯನ್ನು ಅಮೆರಿಕಾದ ಆರೋಗ್ಯಾಧಿಕಾರಿಗಳು ೧೯೮೧ರ ಜೂನ್ ೫ರಂದು ಪ್ರಕಟಿಸಿದ್ದರು. ಐದು ವರ್ಷಗಳಲ್ಲಿ ಯುವಕರು ಸಾಲುಸಾಲಾಗಿ ಸಾಯುತ್ತಿದ್ದರು. ಬಿಟ್ಟುಹೋಗಬೇಡವೆಂದು ಪ್ರಿಯನನ್ನು ಬೇಡುವ ಹಾಡು, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವರ ಹಾಡಾಗಿ ಮಾರ್ಪಟ್ಟಿತು. ೧೯೯೪ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ಕಲಾಶಾಲೆಯು ಏಡ್ಸ್ ಕಾಲದ ಕಲೆಯನ್ನು ಕುರಿತು ಪ್ರದರ್ಶನವನ್ನು ಏರ್ಪಡಿಸಿದಾಗ ಅದಕ್ಕೆ ಈ ಹಾಡಿನ ಹೆಸರನ್ನೇ ಇಟ್ಟರು. ಗಣಿ ಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೂಡಿಸಿದ್ದ ಮಾರ್ಕ್ ಆ್ಯಷ್ಟನ್ ಎಂಬ ಗೆಳೆಯನು ೧೯೮೭ರ ಫೆಬ್ರವರಿಯಲ್ಲಿ ಇಪ್ಪತ್ತಾರನೆಯ ವಯಸ್ಸಿಗೆ ಇದೇ ರೋಗದಿಂದ ತೀರಿಕೊಂಡಾಗ ಕಮ್ಯುನಾರ್ಡ್ಸ್ ತಂಡದವರು ಅವನಿಗಾಗಿ 'ಫಾರ್ ಎ ಫ್ರೆಂಡ್' ಎಂಬ ಹಾಡನ್ನು ಕಟ್ಟಿದರು. ಆ ಹಾಡು ಬಿಡಿಯಾಗಿ ಹೊರಬಂದ ೧೯೮೮ರಲ್ಲಿಯೇ, ಇಂತಹ ಸಂಬಂಧಗಳನ್ನು ಸ್ಥಳೀಯ ಸಂಸ್ಥೆಗಳು ಪ್ರೋತ್ಸಾಹಿಸಕೂಡದೆಂಬ ವಿಧಿಯು ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಅದು ಸ್ಕಾಟ್ಲೆಂಡಿನಲ್ಲಿ ೨೦೦೦ರಲ್ಲಿಯೂ ಇಂಗ್ಲೆಂಡಿನಲ್ಲಿ ೨೦೦೩ರಲ್ಲಿಯೂ ರದ್ದಾಯಿತು. ಶಾಸನಸಭೆಯು ಬಾಯಿ ಕಟ್ಟುತ್ತಿದ್ದಾಗ ಅಂಗಡಿಯ ರೆಕಾರ್ಡು ಮಾತಾಡುತ್ತಿತ್ತೆಂಬುದು ವಿಚಾರಾರ್ಹವಾದ ಸಂಗತಿ.

ಅಮೆರಿಕಾದಲ್ಲಿಯೂ ಇಂತಹದೇ ಒಂದು ಪ್ರಸಂಗ ನಡೆಯಿತು. ಬರ್ಟ್ ಬ್ಯಾಕರ್ಯಾಕ್ ಮತ್ತು ಕ್ಯಾರಲ್ ಬೇಯರ್ ಸೇಗರ್ ೧೯೮೨ರ ಚಲಚ್ಚಿತ್ರವೊಂದಕ್ಕಾಗಿ ಒಂದು ಸ್ನೇಹಗೀತೆಯನ್ನು ರಚಿಸಿದ್ದರು. ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ೧೯೮೫ರಲ್ಲಿ ಡಿಯಾನ್ ವಾರ್ವಿಕ್ ಅವರು ಎಲ್ಟನ್ ಜಾನ್, ಗ್ಲ್ಯಾಡಿಸ್ ನೈಟ್, ಸ್ಟೀವಿ ವಂಡರ್ ಎಂಬ ಮೂವರೊಡನೆ ಅದನ್ನು ಮತ್ತೆ ಹಾಡಿ, ಬಂದ ಆದಾಯವನ್ನು ಏಡ್ಸ್ ಸಂಶೋಧನೆಯ ಪ್ರತಿಷ್ಠಾನಕ್ಕೆ ಮುಡಿಪಾಗಿಟ್ಟರು. 'ದಟ್ಸ್ ವಾಟ್ ಫ್ರೆಂಡ್ಸ್ ಆರ್ ಫಾರ್' ಎಂಬ ಆ ಹಾಡು ೧೯೮೬ರ ಆರಂಭದಲ್ಲಿ ನಾಲ್ಕು ವಾರ ಪಟ್ಟಿಯ ತುದಿಯಲ್ಲಿ ನಿಂತು ಮೂವತ್ತು ಲಕ್ಷ ಡಾಲರುಗಳಿಗೂ ಮಿಗಿಲಾಗಿ ಕೂಡಿಸಿಕೊಟ್ಟಿತು. ರಾಷ್ಟ್ರಾಧ್ಯಕ್ಷ ರೇಗನ್ ಅವರು ಈ ರೋಗವನ್ನೇ ಕುರಿತ ತಮ್ಮ ಮೊದಲನೆಯ ಪ್ರಮುಖ ಭಾಷಣವನ್ನು ಮಾಡಿದುದು ೧೯೮೭ರ ಮೇ ೩೧ರಂದು. ರೋಗಿಯನ್ನು ಮುಟ್ಟಲು ಜನರು ಅಂಜುತ್ತಿದ್ದ ದಿನಗಳಲ್ಲಿ, ರಾಜ್ಯದ ಹಿರಿಯ ಬಾಯಿಗಿಂತ ಒಂದೂಕಾಲು ವರ್ಷ ಮೊದಲೇ ಹಾಡು ಆ ಮಾತನ್ನು ಮನೆಮನೆಗೆ ತಲುಪಿಸಿತ್ತು.

ಮೇಲೆ ಹೇಳಿದ ಜಾರ್ಜ್ ಮೈಕೆಲ್ ಅವರ ವಿಷಯವನ್ನೂ ಇಲ್ಲಿ ನೆನೆಯಬೇಕು. ಹುಡುಗಿಯರ ಕೋಣೆಗಳ ಗೋಡೆಯ ಮೇಲೆಲ್ಲ ಅವರ ಚಿತ್ರವಿದ್ದ ಆ ಹತ್ತು ವರ್ಷಗಳಲ್ಲಿ ತಾವು ಪುರುಷರನ್ನು ಪ್ರೀತಿಸುವವರೆಂದು ಅವರು ಬಹಿರಂಗವಾಗಿ ಹೇಳಲಿಲ್ಲ, ಹೇಳಿದುದು ೧೯೯೮ರಲ್ಲಿ. ದಶಕದ ಅತ್ಯಂತ ಪ್ರಸಿದ್ಧ ಪ್ರೇಮಗೀತೆಗಳಲ್ಲಿ ಕೆಲವನ್ನು ಬರೆದವರೇ ತಮ್ಮ ಪ್ರೇಮವನ್ನು ತಮ್ಮ ಹೆಸರಿನಲ್ಲಿ ಹೇಳಲಾರದೆ ಇದ್ದರೆಂದರೆ, ಆ 'ನೀನು' ಎಂಬ ಪದದ ಆಶ್ರಯವು ಕೇಳುವವರಿಗೆ ಬೇಕಾದಂತೆ ಹಾಡುವವರಿಗೂ ಬೇಕಾಗಿತ್ತೆಂದು ಊಹಿಸಬಹುದು.

ರಾಜಕಾರಣವು ಪ್ರೇಮಗೀತೆಗೆ ಅಂಜಿದ ಇನ್ನೊಂದು ದೃಷ್ಟಾಂತವು ನಮ್ಮ ವಾಚಕರ ಮನಸ್ಸಿಗೆ ವಿಶೇಷವಾಗಿ ಹಿಡಿಸೀತು. ಸ್ಟೀವಿ ವಂಡರ್ ಹುಟ್ಟಿದ ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಕಳೆದುಕೊಂಡ ನೀಗ್ರೋ ಜನಾಂಗದ ಮಹಾಗಾಯಕರು. ಅವರ 'ಐ ಜಸ್ಟ್ ಕಾಲ್ಡ್ ಟು ಸೇ ಐ ಲವ್ ಯು' ಎಂಬ ಹಾಡು ೧೯೮೪ರಲ್ಲಿ ಬ್ರಿಟನ್ನಿನಲ್ಲಿ ಆರು ವಾರ, ಅಮೆರಿಕಾದಲ್ಲಿ ಮೂರು ವಾರ ಮೊದಲನೆಯದಾಗಿತ್ತು. ಹಬ್ಬವಿಲ್ಲ, ಹರಿದಿನವಿಲ್ಲ, ವಿಶೇಷವೇನೂ ಇಲ್ಲ. ಸುಮ್ಮನೆ ಟೆಲಿಫೋನು ಮಾಡಿ ಪ್ರೀತಿಯನ್ನು ತಿಳಿಸುವುದಷ್ಟೇ ಅದರ ವಸ್ತು. ಇಷ್ಟು ಸರಳವಾದುದನ್ನು ಅವರಂತಹ ವಿದ್ವಾಂಸರು ಬರೆಯಬಾರದಿತ್ತೆಂದು ವಿಮರ್ಶಕರು ಮೂಗು ಮುರಿದರು. ೧೯೮೫ರ ಮಾರ್ಚ್ ೨೫ರಂದು ಅದಕ್ಕೆ ಆಸ್ಕರ್ ಪಾರಿತೋಷಕವು ದೊರೆತಾಗ, ಅವರು ಅದನ್ನು ದಕ್ಷಿಣ ಆಫ್ರಿಕಾದ ಸೆರೆಮನೆಯಲ್ಲಿದ್ದ ನೆಲ್ಸನ್ ಮಂಡೇಲರ ಹೆಸರಿನಲ್ಲಿ ಸ್ವೀಕರಿಸಿದರು. ಕೂಡಲೇ ಅಲ್ಲಿನ ಬಿಳಿಯರ ಸರ್ಕಾರದ ರೇಡಿಯೋ ಸಂಸ್ಥೆಯು ಅವರ ಹಾಡುಗಳನ್ನೆಲ್ಲ ನಿಷೇಧಿಸಿತು. ಟೆಲಿಫೋನಿನಲ್ಲಿ ಕುಶಲ ಕೇಳುವ ಹಾಡಿಗೆ ಒಂದು ಸರ್ಕಾರವು ಬಾಗಿಲು ಮುಚ್ಚಬೇಕಾಯಿತು! ಹಾಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದುದು, ಯಾರಿಗಾಗಿ ಅದನ್ನು ಎತ್ತಿಹಿಡಿದರೆಂಬುದು. ಮಂಡೇಲರು ೧೯೯೦ರ ಫೆಬ್ರವರಿ ೧೧ರಂದು ಹೊರಬಂದರು, ಆ ಸರ್ಕಾರವು ಹೋಯಿತು, ಹಾಡು ಉಳಿಯಿತು.

ವ್ಯಾಪಾರಕ್ಕಾಗಿ ಮಾಡಿದ ವಸ್ತುವಿಗೆ ಇಷ್ಟು ಮಹತ್ವವನ್ನು ಕೊಡಬಹುದೆ ಎಂದು ಕೇಳುವವರು ಕೇಳಬಹುದು. ಕೊಡಬೇಕಾದುದು ವಸ್ತುವಿಗಲ್ಲ, ಅದರ ವಿನಿಯೋಗಕ್ಕೆ. ನೇಕಾರನು ಹೊಟ್ಟೆಪಾಡಿಗಾಗಿ ಸೀರೆಯನ್ನು ನೇಯುತ್ತಾನೆ, ವರ್ತಕನು ಲಾಭಕ್ಕಾಗಿ ಮಾರುತ್ತಾನೆ. ಉಟ್ಟವಳಿಗೆ ಅದು ಧಾರೆಯ ಸೀರೆ. ಅದರ ಬೆಲೆಯನ್ನು ವರ್ತಕನ ಖಾತೆಯಲ್ಲಿ ಹುಡುಕುವವನು ಅರ್ಧವನ್ನು ಮಾತ್ರ ಕಾಣುತ್ತಾನೆ. ಆ ಕಾಲದ ಪಟ್ಟಿಯಲ್ಲಿ ಕೂಡಲೇ ಮರೆತುಹೋದ ಜೊಳ್ಳು ಹಾಡುಗಳು ನೂರಾರಿದ್ದುವು. ಅವನ್ನು ಸಮರ್ಥಿಸುವುದು ನಮ್ಮ ಕೆಲಸವಲ್ಲ. ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಿದುದು ಕಂಪೆನಿಗಳ ಪ್ರಚಾರವಲ್ಲ, ವಿಮರ್ಶಕರ ಲೇಖನಿಯೂ ಅಲ್ಲ. ವರ್ಷಗಳು ಕಳೆದರೂ ಬಿಡದೆ ಕೇಳಿದ ಜನರು.

ಪಟ್ಟಿಯ ತೀರ್ಪು ಕೊನೆಯ ತೀರ್ಪಲ್ಲವೆಂಬುದನ್ನು ಪಟ್ಟಿಯೇ ಈಚೆಗೆ ಒಪ್ಪಿಕೊಂಡಿತು. ಜಾರ್ಜ್ ಮೈಕೆಲ್ ಬರೆದ 'ಲಾಸ್ಟ್ ಕ್ರಿಸ್‌ಮಸ್' ಎಂಬ ವಿರಹಗೀತೆಯು ೧೯೮೪ರ ಹಬ್ಬದಲ್ಲಿ ಎರಡನೆಯ ಸ್ಥಾನದಲ್ಲೇ ಉಳಿಯಿತು. ಇಥಿಯೋಪಿಯಾದ ಕ್ಷಾಮ ಪರಿಹಾರಕ್ಕಾಗಿ ಅನೇಕ ಗಾಯಕರು ಕೂಡಿ ಹಾಡಿದ ಹಾಡು ಮೊದಲನೆಯದಾಗಿತ್ತು. ಅದರಲ್ಲಿಯೂ ಮೈಕೆಲ್ ಅವರ ಕಂಠವಿತ್ತು, ಮತ್ತು ತಮ್ಮ ಹಾಡಿನ ಆದಾಯವನ್ನೂ ಅವರು ಅದೇ ಪರಿಹಾರಕ್ಕೆ ಕೊಟ್ಟರು. ೨೦೧೬ರ ಕ್ರಿಸ್‌ಮಸ್ ದಿನವೇ ಅವರು ತೀರಿಕೊಂಡರು. ಆ ಹಾಡು ಬ್ರಿಟನ್ನಿನಲ್ಲಿ ಮೊದಲನೆಯದಾದುದು ೨೦೨೧ರ ಜನವರಿ ೧ರ ಪಟ್ಟಿಯಲ್ಲಿ, ಹುಟ್ಟಿದ ಮೂವತ್ತಾರು ವರ್ಷಗಳ ಅನಂತರ. ಗಂಡು ಹೆಣ್ಣು ಪರಸ್ಪರರ ಸ್ಥಾನದಲ್ಲಿ ನಿಂತು ನೋಡಿದರೆ ಒಬ್ಬರನ್ನೊಬ್ಬರು ಅರಿತಾರೆಂಬ ಭಾವದ 'ರನ್ನಿಂಗ್ ಅಪ್ ದಟ್ ಹಿಲ್' ಎಂಬ ಕೇಟ್ ಬುಷ್ ಅವರ ಹಾಡಿಗೆ ೧೯೮೫ರಲ್ಲಿ ಮೂರನೆಯ ಸ್ಥಾನವು ದೊರೆತಿತ್ತು. ದೂರದರ್ಶನದ ಕಥಾಮಾಲೆಯೊಂದರಲ್ಲಿ ಅದನ್ನು ಕೇಳಿದ ಹೊಸ ತಲೆಮಾರಿನವರು ೨೦೨೨ರ ಜೂನ್ ತಿಂಗಳಲ್ಲಿ ಅದನ್ನು ಮೊದಲನೆಯ ಸ್ಥಾನಕ್ಕೆ ಏರಿಸಿದರು. ಆ ಹಾಡು ಹುಟ್ಟಿದಾಗ ಈ ಕೇಳುಗರಲ್ಲಿ ಬಹುಮಂದಿ ಹುಟ್ಟಿಯೇ ಇರಲಿಲ್ಲ.

ಆದುದರಿಂದ ಎಂಬತ್ತರ ದಶಕದ ಪ್ರೇಮಗೀತೆಗಳನ್ನು ತೂಗುವಾಗ ಎರಡು ತಪ್ಪುಗಳಿಂದ ದೂರವಿರಬೇಕು. ಲಕ್ಷ ಪ್ರತಿ ಮಾರಿತೆಂದು ಹಾಡನ್ನು ಹೊಗಳುವುದು ಒಂದು ತಪ್ಪು. ಲಕ್ಷ ಪ್ರತಿ ಮಾರಿತೆಂಬ ಕಾರಣಕ್ಕಾಗಿಯೇ ಹಳಿಯುವುದು ಇನ್ನೊಂದು. ಗಂಡನ ಹೊಡೆತದಿಂದ ಪಾರಾದ ಹೆಣ್ಣು, ಗೆಳೆಯನ ಶವದ ಹಿಂದೆ ನಡೆದ ತರುಣ, ಹೆಸರು ಹೇಳಲಾರದ ಪ್ರೇಮವನ್ನು ಎದೆಯಲ್ಲಿಟ್ಟುಕೊಂಡವರು, ಸೆರೆಯಲ್ಲಿದ್ದ ನಾಯಕನನ್ನು ನೆನೆದವರು, ಇವರೆಲ್ಲರಿಗೂ ಅಂಗಡಿಯಲ್ಲಿ ಸಿಕ್ಕ ಮೂರು ನಾಲ್ಕು ನಿಮಿಷಗಳ ಹಾಡು ಬಾಯಿಯಾಯಿತು. ತನಗೆ ಬಾಯಿಲ್ಲದಿದ್ದಾಗ ಬೇರೆಯವರ ಮಾತನ್ನು ಕಡ ತಂದು ಆಡುವುದು ಮನುಷ್ಯನಿಗೆ ಅವಮಾನವಲ್ಲ. ನಮ್ಮ ಮನೆಗಳಲ್ಲಿ ಇಂದಿನ ಹುಡುಗರು ಕಿವಿಗೆ ತಂತಿ ಸಿಕ್ಕಿಸಿಕೊಂಡು ನಮಗೆ ತಿಳಿಯದ ಹಾಡನ್ನು ಕೇಳುತ್ತ ಕುಳಿತಿರುವಾಗ, ಅದು ಎಂತಹ ಕ್ಷುಲ್ಲಕ ಹಾಡೆಂದು ಗದರಿಸುವ ಮೊದಲು, ಆ ಹಾಡಿನ ಮೂಲಕ ಅವರು ಯಾರಿಗೆ ಏನನ್ನು ಹೇಳಲು ತವಕಿಸುತ್ತಿದ್ದಾರೆಂದು ಹಿರಿಯರು ಒಂದು ಸಲ ಕೇಳಿನೋಡುವುದು ಒಳ್ಳೆಯದು.